‘ಅರೆಕಾ’ ಶಬ್ದವಿಚಾರ

ಒಂದು ನಾಡಿನ ಮಾತು ಪರಭಾಷೆಯ ನಿಘಂಟನ್ನು ಸೇರಿದರೆ ಅದರ ತೌರಿನವರಿಗೆ ಹೆಮ್ಮೆಯುಂಟಾಗುವುದು ಸಹಜ. ಆದರೆ ಹೆಮ್ಮೆಯು ಪ್ರಮಾಣದ ಪೀಠವನ್ನು ಏರಬಾರದು. ಇಂಗ್ಲಿಷಿನ ‘ಅರೆಕಾ’ ಎಂಬ ಶಬ್ದವು ಈ ವಿವೇಕವನ್ನು ಒರೆಹಚ್ಚಿ ನೋಡುವುದಕ್ಕೆ ತಕ್ಕುದಾಗಿದೆ. ಅದರ ವಿಚಾರಕ್ಕೆ ಬೇಕಾದ ಸಾಮಗ್ರಿಯು ಅಡಕೆತೋಟಗಳ ನಡುವಣ ಜಾಲ್ಸೂರಿನಂತಹ ಊರಿನಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕಾಸರಗೋಡಿನ ದಾರಿ ಅಗಲುವ ಎಡೆಯದು. ಒಂದೇ ಕಾಯಿಯನ್ನು ಆ ಸೀಮೆಯಲ್ಲಿ ಕನ್ನಡಿಗರು ಅಡಕೆಯೆಂದೂ, ಹವ್ಯಕರು ಅಡಕ್ಕೆಯೆಂದೂ, ತುಳುವರು ಬಜ್ಜೆಯಿಯೆಂದೂ, ಗಡಿಯಾಚೆಯ ಮಲೆಯಾಳಿಗಳು ಅಡಯ್ಕವೆಂದೂ ಕರೆಯುವರು. ‘ಅರೆಕಾ’ದ ಜನ್ಮವೃತ್ತಾಂತವು ಈ ಹೆಸರುಗಳೊಳಗೇ ಅಡಗಿರುವುದು.

ಆ ಶಬ್ದವನ್ನು ‘ಅರೆ’, ‘ಕಾಯಿ’ ಎಂದು ಒಡೆದು, ಅಡಕತ್ತರಿಗೆ ಸಿಕ್ಕಿ ಎರಡು ಹೋಳಾದ ಕಾಯಿಯೇ ಅರೆಕಾಯಿಯೆಂದು ಅರ್ಥ ಹೇಳುವುದು ಎಷ್ಟು ಸುಲಭ! ಕೇಳುವವರು ತಲೆದೂಗಿಯೂ ಬಿಡುವರು. ಅಕ್ಷರಸಾಮ್ಯವನ್ನು ಹಿಡಿದಾದರೂ ನಿರ್ವಚನ ಮಾಡಬೇಕೇ ಹೊರತು ಮಾಡದೆ ಬಿಡಬಾರದೆಂದು ಯಾಸ್ಕರೇ ನಿರುಕ್ತದಲ್ಲಿ ಹೇಳಿರುವರಲ್ಲವೆ ಎಂದು ಆಕ್ಷೇಪಿಸಬಹುದು. ದಿಟ. ಆದರೆ ಯಾಸ್ಕರು ಅರ್ಥಪರೀಕ್ಷೆಯನ್ನು ಮುಂದಿಟ್ಟು, ಬೇರೆ ದಾರಿಯಿಲ್ಲದೆಡೆಯಲ್ಲಿ ಆ ಸ್ವಾತಂತ್ರ್ಯವನ್ನು ಕೊಟ್ಟರು. ಅವರ ಮುಂದಿದ್ದುದು ಹುಟ್ಟಿದ ಕಾಲ ತಿಳಿಯದ ವೇದಶಬ್ದಗಳು. ಕಡಲು ದಾಟಿದ ‘ಅರೆಕಾ’ಕ್ಕಾದರೋ ಕಾಲವುಂಟು, ದಾರಿಯುಂಟು, ಸಾಕ್ಷಿಗಳುಂಟು. ಸಾಕ್ಷಿಯಿರುವಲ್ಲಿ ಊಹೆಗೆ ಎಡೆಯೆಲ್ಲಿ?

ಪೋರ್ತುಗೀಜರು 1498ರಲ್ಲಿ ಕಲ್ಲಿಕೋಟೆಗೆ ಬಂದರು. ಮಲಬಾರಿನಲ್ಲಿ ನೌಕರಿಯಲ್ಲಿದ್ದು ಅಲ್ಲಿಯ ಭಾಷೆಯನ್ನು ಬಲ್ಲ ದುಆರ್ತೆ ಬಾರ್ಬೋಸನು 16ನೆಯ ಶತಮಾನದ ಆರಂಭದಲ್ಲಿಯೇ ತನ್ನ ವರ್ಣನೆಯಲ್ಲಿ ಈ ಕಾಯಿಯನ್ನು ಹೆಸರಿಸಿದನು. ಗಾರ್ಸಿಯ ದ ಓರ್ತನೆಂಬ ವೈದ್ಯನು 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ಕುರಿತು ಪ್ರತ್ಯೇಕವಾಗಿ ವಿಚಾರಮಾಡಿದನು. ಡಕಾರವು ಪೋರ್ತುಗೀಜರ ನಾಲಗೆಗೆ ಒಗ್ಗದೆ ರೇಫೆಯಾಯಿತು. ಹೀಗೆ ಹುಟ್ಟಿದ ರೇಫೆಯಲ್ಲಿ ಕನ್ನಡದ ‘ಅರೆ’ಯನ್ನು ಹುಡುಕುವುದು ವ್ಯರ್ಥ. ಇನ್ನು ಶಬ್ದಾಂತ್ಯವನ್ನು ನೋಡಿದರೆ, ಪರದೇಶಕ್ಕೆ ಹೋದ ರೂಪದಲ್ಲಿರುವುದು ‘ಅಡಯ್ಕ’ದ ಅಕಾರವೇ ಹೊರತು ‘ಅಡಕೆ’ಯ ಎಕಾರವಲ್ಲ. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರ ‘ಹಾಬ್ಸನ್-ಜಾಬ್ಸನ್’ ನಿಘಂಟು (1886) ಇದನ್ನು ಮಲೆಯಾಳ ಮೂಲದ್ದೆಂದೇ ಹೇಳುತ್ತದೆ. ಬರ್ನೆಲ್ಲನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ಕರಾವಳಿಯ ಭಾಷೆಗಳನ್ನು ಅರಿಯದವನಲ್ಲ. ಆದುದರಿಂದ ತೀರ್ಪು ಇಷ್ಟೇ: ‘ಅರೆಕಾ’ವು ‘ಅಡಕೆ’ಯ ಮಗಳಲ್ಲ, ಅಕ್ಕನ ಮಗಳು. ಈ ನಂಟಸ್ತಿಕೆಯೇನೂ ಸಣ್ಣದಲ್ಲ.

ಮೂಲಶಬ್ದದ ಕೊನೆಯಲ್ಲಿ ‘ಕಾಯಿ’ ಇದೆಯೆಂಬುದು ತಮಿಳಿನ ‘ಅಡೈಕ್ಕಾಯ್’ ರೂಪದಿಂದ ಸ್ಪಷ್ಟ. ಮೊದಲ ಭಾಗದಲ್ಲಿ ಮಾತ್ರ ಮತಭೇದವುಂಟು. ಅದು ಗೊನೆಯಲ್ಲಿ ಒತ್ತಾಗಿ ಸೇರಿಕೊಂಡಿರುವುದನ್ನು ಹೇಳುತ್ತದೆಂದು ಕೆಲವರೂ, ವೀಳೆಯದ ಎಲೆಯನ್ನು ಹೇಳುತ್ತದೆಂದು ಕೆಲವರೂ ಎಣಿಸುವರು. ಇಲ್ಲಿ ಸಂಸ್ಕೃತಜ್ಞರಿಗೆ ಒಂದು ಪ್ರಲೋಭನವುಂಟಾಗುತ್ತದೆ. ಅಮರಸಿಂಹನು ‘ಪೂಗ’ ಶಬ್ದಕ್ಕೆ ಅಡಕೆಯ ಮರವೆಂದೂ ಸಮೂಹವೆಂದೂ ಎರಡು ಅರ್ಥಗಳನ್ನು ಹೇಳಿದ್ದಾನೆ. ಅಲ್ಲಿಯೂ ಗುಂಪು, ಇಲ್ಲಿಯೂ ಗುಂಪು! ಶ್ಲೇಷಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಆದರೂ ಇದು ಸಾಮ್ಯವೇ ಹೊರತು ಸಾಧನವಲ್ಲ. ಕವಿಗೆ ಸಾಕಾದುದು ನಿಘಂಟುಕಾರನಿಗೆ ಸಾಲದು.

ಹಾಗೆಂದು ಅಕ್ಷರಕ್ರೀಡೆಯನ್ನು ಹಳಿಯಬೇಕಾಗಿಲ್ಲ. ದಂಡಿಯು ಕಾವ್ಯಾದರ್ಶದಲ್ಲಿ 16 ಬಗೆಯ ಪ್ರಹೇಲಿಕೆಗಳನ್ನು ಎಣಿಸಿ, ಗೋಷ್ಠಿಯ ವಿನೋದಕ್ಕೂ, ಜನರ ನಡುವೆ ಗುಟ್ಟಾಗಿ ಮಾತಾಡುವುದಕ್ಕೂ, ಪರರನ್ನು ಮರುಳುಗೊಳಿಸುವುದಕ್ಕೂ ಅವು ಉಪಯುಕ್ತವೆಂದನು. ಪಶ್ಚಿಮದಲ್ಲಿ 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲಾದ ಪದಬಂಧವೂ, 1948ರಲ್ಲಿ ಸ್ಕ್ರಾಬಲ್ ಎಂಬ ಹೆಸರು ಪಡೆದ ಬಿಲ್ಲೆಯಾಟವೂ ಅದೇ ಕುಲಕ್ಕೆ ಸೇರಿದವು. ಇಂಗ್ಲಿಷಿನಲ್ಲಿ ಬರೆದಾಗ ‘ಅರೆಕಾ’ದಲ್ಲಿ ಐದು ಅಕ್ಷರಗಳು, ಅವುಗಳಲ್ಲಿ ಮೂರು ಸ್ವರಗಳು. ಬಿಲ್ಲೆಯಾಟದಲ್ಲಿ ಅದರ ಬೆಲೆ ಏಳು. ಕೊನೆಯ ಅಕ್ಷರವನ್ನು ತೆಗೆದು ಉಳಿದ ನಾಲ್ಕನ್ನು ಸ್ಥಳಾಂತರಿಸಿದರೆ ಇಂಗ್ಲಿಷಿನ ‘ಏಕರ್’, ಎಂದರೆ ಕನ್ನಡದ ಎಕರೆ, ಸಿದ್ಧವಾಗುವುದು. ಅಡಕೆಯೊಳಗೆ ಎಕರೆ! ತೋಟವನ್ನು ಎಕರೆಯಿಂದ ಅಳೆಯುವ ಸುಳ್ಯದ ಕೃಷಿಕನಿಗೆ ಇದು ನಗು ತರಿಸದಿರದು. ಆದರೆ ವಂಶವನ್ನು ವಿಚಾರಿಸಿದರೆ ಅಕ್ಷರಗಳಲ್ಲಿ ಕೂಡಿದ ಇವೆರಡೂ ಪರಸ್ಪರ ಅಪರಿಚಿತರು. ಎಕರೆಯ ದಾಯಾದಿಗಳು ಲ್ಯಾಟಿನಿನ ‘ಅಗೆರ್’, ಗ್ರೀಕಿನ ‘ಅಗ್ರೋಸ್’, ಋಗ್ವೇದದ ಬಯಲೆಂಬರ್ಥದ ‘ಅಜ್ರ’. ಕೇಳಿದೊಡನೆ ಬೇರೆಯೆಂದು ತೋರುವ ಎಕರೆಗೂ ಅಜ್ರಕ್ಕೂ ರಕ್ತಸಂಬಂಧವುಂಟು. ಅಕ್ಷರಕ್ಕೆ ಅಕ್ಷರ ಹೊಂದುವ ‘ಅರೆಕಾ’ಕ್ಕೂ ‘ಏಕರ್’ಗೂ ಇಲ್ಲ. ಆಟಕ್ಕೂ ಶಾಸ್ತ್ರಕ್ಕೂ ಇರುವ ಅಂತರವನ್ನು ತೋರಿಸಲು ಈ ಒಂದು ನಿದರ್ಶನವೇ ಸಾಕು.

ಅರ್ಥದ ವಿಷಯದಲ್ಲಿಯೂ ಇಂತಹ ಎಚ್ಚರವು ಬೇಕು. 1753ರಲ್ಲಿ ಲಿನೇಯಸನು ಈ ಶಬ್ದವನ್ನು ಸಸ್ಯಶಾಸ್ತ್ರದ ನಾಮಾವಳಿಗೆ ಸೇರಿಸಿದನು. ಮಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಂಸ್ಥೆಯ ಸಂಕ್ಷಿಪ್ತನಾಮದ ಎರಡನೆಯ ಅಕ್ಷರವೂ ಈ ಅಡಕೆಯದೇ. ಆದರೆ ಪೇಟೆಯ ಸಸ್ಯದಂಗಡಿಗಳಲ್ಲಿ ‘ಅರೆಕಾ ಪಾಮ್’ ಎಂದು ಕುಂಡದಲ್ಲಿಟ್ಟು ಮಾರುವ ಗಿಡವು ಮಡಗಾಸ್ಕರದ ಬೇರೊಂದು ತಾಳಜಾತಿ. ತಾಂಬೂಲದ ಅಡಕೆ ಅದರಲ್ಲಿ ಬಿಡದು. ಇದಕ್ಕಿಂತ ಕೆಟ್ಟುದು ‘ಬೀಟಲ್ ನಟ್’ ಎಂಬ ಬಳಕೆ. ‘ಬೀಟಲ್’ ಎಂಬುದು ಮಲೆಯಾಳದ ‘ವೆಟ್ಟಿಲ’, ಎಂದರೆ ವೀಳೆಯದೆಲೆ. ಎಲೆಯು ಬಳ್ಳಿಯದು, ಕಾಯಿ ಮರದ್ದು. ಎರಡೂ ಕೂಡುವುದು ಹರಿವಾಣದಲ್ಲಿ ಮಾತ್ರ. ಈ ಗೊಂದಲವು ಬರಿಯ ಪಂಡಿತರ ತಲೆನೋವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಅಡಕೆಯನ್ನು ಸೇರಿಸಿತು. ಆ ಮಾತನ್ನು ಒಪ್ಪುವವರಾಗಲಿ ವಾದಿಸುವವರಾಗಲಿ, ಆರೋಪವು ಎಲೆಯ ಮೇಲೋ ಕಾಯಿಯ ಮೇಲೋ ಹೊಗೆಸೊಪ್ಪಿನ ಮೇಲೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕಷ್ಟೆ. ಅಡಕೆಯನ್ನೇ ನಂಬಿದ ಸೀಮೆಯಲ್ಲಿ ಹೆಸರಿನ ತಪ್ಪು ಬದುಕಿನ ತಪ್ಪಾಗಬಹುದು.

ಸಭೆಯಲ್ಲಿ ಶಬ್ದಗಳನ್ನು ಒಡೆದು ಜೋಡಿಸಿ ನಲಿಯಲಿ. ಅದು ರಸಿಕತೆಯ ಲಕ್ಷಣ. ಅದೇ ಒಡಕನ್ನು ವ್ಯುತ್ಪತ್ತಿಯೆಂದು ಬರೆಹಕ್ಕಿಳಿಸುವಾಗ ಕಾಲವನ್ನೂ ದಾರಿಯನ್ನೂ ಧ್ವನಿಯನ್ನೂ ವಿಚಾರಿಸಬೇಕು. ನೆರೆಮನೆಯ ಸೊತ್ತನ್ನು ನೆರೆಮನೆಯದೆಂದು ಒಪ್ಪಿಕೊಂಡರೆ ಕನ್ನಡಕ್ಕೇನೂ ಕೊರತೆಯಿಲ್ಲ. ‘ಅಡಕೆ’ಯೆಂಬ ಸ್ವಂತದ ಮಾತು ಅದರ ತೋಟದಲ್ಲಿ ಇನ್ನೂ ಹಸುರಾಗಿಯೇ ಇದೆ.