ಹವ್ಯಾಸಿ ಛಾಯಾಚಿತ್ರ: ಚೆಲುವಿಗಿಂತ ಸಾಕ್ಷ್ಯ ಮಿಗಿಲು

ಜೀವನೋಪಾಯಕ್ಕಾಗಿಯಲ್ಲದೆ ಸಂತೋಷಕ್ಕಾಗಿ ಚಿತ್ರ ತೆಗೆಯುವವರನ್ನು ಹವ್ಯಾಸಿ ಛಾಯಾಗ್ರಾಹಕರು ಎನ್ನುವುದಾದರೆ, ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಎರಡು ಧಾರೆಗಳಿವೆ. ಮೊದಲನೆಯದು ಕ್ಯಾಮೆರಾ ಸಂಘಗಳ ಧಾರೆ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳು ಬೆಳೆಸಿದ ಈ ಧಾರೆಯ ಗುರಿ ಸಲೋನ್, ಅಂದರೆ ತೀರ್ಪುಗಾರರು ಆರಿಸಿದ ಚಿತ್ರಗಳ ಸ್ಪರ್ಧಾತ್ಮಕ ಪ್ರದರ್ಶನ. ಎರಡನೆಯದು ನಂದಿಬೆಟ್ಟಕ್ಕೋ ಜೋಗಕ್ಕೋ ಹೋಗಿಬಂದವರು ಬಂಧುಮಿತ್ರರೊಡನೆ ಹಂಚಿಕೊಳ್ಳುವ ಚಿತ್ರಗಳ ಧಾರೆ. ಬೆಳಕು, ಸಂಯೋಜನೆ, ಚೌಕಟ್ಟಿನ ಸಮತೋಲ ಎಂಬ ಸಲೋನಿನ ಮಾನದಂಡಗಳಿಂದಲೇ ಎರಡನೆಯದನ್ನೂ ಅಳೆದು, ಅದು ಸೋತಿತೆಂದು ಬದಿಗಿಡುವುದು ವಾಡಿಕೆಯಾಗಿದೆ. ಈ ಅಳತೆಯೇ ತಪ್ಪು. ದಿನನಿತ್ಯದ ಚಿತ್ರದ ಬೆಲೆ ಅದರ ಚೆಲುವಿನಲ್ಲಿಲ್ಲ, ಒಂದು ಜಾಗ ಒಂದು ದಿನ ಹೇಗಿತ್ತು ಎಂಬುದಕ್ಕೆ ಅದು ನುಡಿಯುವ ಸಾಕ್ಷ್ಯದಲ್ಲಿದೆ.

ಇದಕ್ಕೆ ಹಂಪಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಅವಶೇಷಗಳನ್ನು ಸೆರೆಹಿಡಿದನು. ಛಾಯಾಗ್ರಹಣ ಅವನ ವೃತ್ತಿಯಾಗಿರಲಿಲ್ಲ. ಆದರೂ ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ, ಇಂದು ಕಾಣದ ಇಟ್ಟಿಗೆಯ ಶಿಖರ ಸ್ಪಷ್ಟವಾಗಿ ನಿಂತಿದೆ. ಮುಂದೆ 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಿನ ಕಾಲದಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.

ಇಂದು ಅದೇ ರಥದ ಮುಂದೆ ತೆಗೆಯುವ ಚಿತ್ರಗಳಲ್ಲಿ ಹೆಚ್ಚಿನವು 50 ರೂಪಾಯಿ ನೋಟಿನ ಮೇಲಿರುವ ನೋಟವನ್ನೇ ಹೋಲುತ್ತವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1965ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಜನಸಾಮಾನ್ಯರ ಛಾಯಾಗ್ರಹಣಕ್ಕೆ ಕುಟುಂಬದ ಒಗ್ಗಟ್ಟನ್ನು ಗಟ್ಟಿಗೊಳಿಸುವ ಸಾಮಾಜಿಕ ಕಾರ್ಯವಿದೆ ಎಂದು ವಾದಿಸಿದನು. ‘ನಾವೂ ಅಲ್ಲಿಗೆ ಹೋಗಿದ್ದೆವು’ ಎಂದು ತಿಳಿಸುವುದೇ ಉದ್ದೇಶವಾದಾಗ, ಎಲ್ಲರೂ ಗುರುತಿಸುವ ಕೋನವನ್ನೇ ಆರಿಸುವುದು ಸಹಜ. ಆದರೆ ಈ ಆಯ್ಕೆಯಿಂದ ಚೌಕಟ್ಟಿನ ಆಚೆಗೆ ಉಳಿಯುವುದೇ ಮುಂದೆ ಅಮೂಲ್ಯವಾಗುತ್ತದೆ. ವಿರೂಪಾಕ್ಷ ದೇವಾಲಯದೆದುರಿನ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಅದಕ್ಕೂ ಮುಂಚೆ ಯಾತ್ರಿಕರೊಬ್ಬರು ಗೋಪುರವನ್ನು ತೆಗೆಯುವಾಗ ಅಂಚಿನಲ್ಲಿ ಆಕಸ್ಮಿಕವಾಗಿ ಸೇರಿಕೊಂಡ ಹೂವಿನ ಬುಟ್ಟಿಯೂ ಅಂಗಡಿಯ ಬೋರ್ಡೂ ಇಂದು ಗೋಪುರಕ್ಕಿಂತ ಹೆಚ್ಚಿನದನ್ನು ಹೇಳುತ್ತವೆ. ಏಕೆಂದರೆ ಗೋಪುರ ಇನ್ನೂ ಇದೆ, ಆ ಬೀದಿಯ ಬದುಕು ಇಲ್ಲ.

ಹಂಚಿಕೆಯ ವಿಧಾನವೂ ಪರಿಶೀಲನೆಗೆ ಅರ್ಹವಾದುದು. ಅಗ್ಫಾ ಕ್ಲಿಕ್ ಕ್ಯಾಮೆರಾದ ಕಾಲದಲ್ಲಿ ಒಂದು ರೀಲಿಗೆ 12 ಚಿತ್ರಗಳಷ್ಟೇ ದಕ್ಕುತ್ತಿದ್ದುದರಿಂದ ಪ್ರತಿಯೊಂದನ್ನೂ ಯೋಚಿಸಿ ತೆಗೆಯಬೇಕಿತ್ತು. ತೆಗೆದದ್ದನ್ನು ಆಲ್ಬಮ್ಮಿಗೆ ಅಂಟಿಸಿ ನೆಂಟರಿಗೆ ತೋರಿಸುವಾಗ, ಇದು ಯಾವ ಊರು, ಪಕ್ಕದಲ್ಲಿ ನಿಂತವರು ಯಾರ ಮಗಳು ಎಂದು ವಿವರಿಸುವ ಹಿರಿಯರೊಬ್ಬರು ಜೊತೆಗೇ ಇರುತ್ತಿದ್ದರು; ಚಿತ್ರದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖೂ ಇರುತ್ತಿತ್ತು. ಫೋನಿನ ಹಂಚಿಕೆ ದೂರದ ಬಂಧುಗಳನ್ನು ಕ್ಷಣದಲ್ಲಿ ಜೊತೆಗೂಡಿಸುತ್ತದೆ, ಆ ಉಪಕಾರ ಸಣ್ಣದಲ್ಲ. ಆದರೆ ಅದು ಚಿತ್ರವನ್ನು ಮಾತಿನಿಂದ ಬೇರ್ಪಡಿಸಿದೆ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಕಡತದೊಳಗೆ ತೆಗೆದ ದಿನಾಂಕ, ವೇಳೆ, ಅನುಮತಿಯಿದ್ದರೆ ಸ್ಥಳ ಇವುಗಳನ್ನು ತಾನಾಗಿಯೇ ದಾಖಲಿಸುತ್ತದೆ. ಇದನ್ನು ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳುಹಿಸಿದಾಗ ಈ ಮಾಹಿತಿ ಅಳಿದುಹೋಗುವುದಲ್ಲದೆ ಚಿತ್ರದ ಗಾತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಎರಡೂ ಉಳಿಯುತ್ತವೆ. ಅಡಿಬರಹವಿಲ್ಲದೆ ಗುಂಪಿನಿಂದ ಗುಂಪಿಗೆ ಸಾಗಿದ ಕೆರೆಯೊಂದರ ಚಿತ್ರ ಕೆಲವೇ ವರ್ಷಗಳಲ್ಲಿ ಯಾವ ಕೆರೆಯದೆಂದು ಯಾರಿಗೂ ತಿಳಿಯದಂತಾಗಿ, ಸಾಕ್ಷ್ಯವೆಂಬ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತದೆ.

ಹಾಗೆಂದು ಎಲ್ಲ ವಿವರವನ್ನೂ ಎಲ್ಲರಿಗೂ ತಿಳಿಸುವುದು ಸಲ್ಲದು. ಮೊಟ್ಟೆಯಿಟ್ಟ ಹಕ್ಕಿಯ ಗೂಡಿನ ನೆಲೆಯನ್ನು ಬಹಿರಂಗಪಡಿಸಿದರೆ ಅಲ್ಲಿಗೆ ಜನ ಮುಗಿಬೀಳುತ್ತಾರೆ. ಸಂತೆಯಲ್ಲಿ ಕುಳಿತ ಅಜ್ಜಿಯ ಮುಖವನ್ನು ಕೇಳದೆ ತೆಗೆದು ಹಂಚುವುದು ಆಕೆಯ ಘನತೆಗೆ ಮಾಡುವ ಅಪಚಾರ. ಸಾಕ್ಷ್ಯದ ಹೆಸರಿನಲ್ಲಿ ಇವೆರಡನ್ನೂ ಸಮರ್ಥಿಸಲಾಗದು.

ಒಟ್ಟಿನಲ್ಲಿ, ಹವ್ಯಾಸಿಗಳ ದಿನನಿತ್ಯದ ಚಿತ್ರ ಕಲೆಯಾಗಿ ಸಾಧಾರಣವಾಗಿದ್ದರೂ ಸ್ಥಳೀಯ ಇತಿಹಾಸದ ಆಕರವಾಗಿ ಗೌರವಕ್ಕೆ ಪಾತ್ರವಾದುದು. ಆದರೆ ಆ ಗೌರವ ಅದಕ್ಕೆ ಅಡಿಬರಹದಿಂದ ಮಾತ್ರ ದಕ್ಕುತ್ತದೆ. ಆದುದರಿಂದ ಪ್ರವಾಸದ ಚಿತ್ರಗಳನ್ನು ಹಂಚುವ ಪ್ರತಿಯೊಬ್ಬರೂ ಪ್ರಸಿದ್ಧ ಕೋನದ ಜೊತೆಗೆ ಅದರ ಆಸುಪಾಸನ್ನೂ ಒಂದಿಷ್ಟು ತೆಗೆದು, ಊರು, ತಾರೀಖು, ಕಂಡದ್ದೇನು ಎಂಬ ಎರಡು ಸಾಲನ್ನು ಕನ್ನಡದಲ್ಲಿ ಬರೆದು, ಮೂಲ ಕಡತವನ್ನು ಜೋಪಾನವಾಗಿ ತೆಗೆದಿಡಬೇಕು.