ತೆಕ್ಕಲಕೋಟೆಯಿಂದ ಥಿಯೇಟರಿಗೆ, ಥಿಯೇಟರಿನಿಂದ ಮನೆಗೆ

ಬಳ್ಳಾರಿ ಬಿಟ್ಟು ಸಿರುಗುಪ್ಪದ ದಾರಿ ಹಿಡಿದರೆ ಸುಮಾರು 45 ಕಿಲೋಮೀಟರಿಗೆ ತೆಕ್ಕಲಕೋಟೆ. ಪುರಾತತ್ವ ಓದಿದವರಿಗೆ ಇದು 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಗೆದು ತೋರಿಸಿದ ನವಶಿಲಾಯುಗದ ಗುಡ್ಡ. ಊರವರಿಗೆ ತುಂಗಭದ್ರಾ ಕಾಲುವೆಯ ನೀರು, ಭತ್ತ, ರೈಸ್‌ಮಿಲ್ಲು, ಸುಗ್ಗಿಯ ರಾತ್ರಿ ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರು. ಇಂಥ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನ ಹಣೆಬರಹ ನ್ಯೂರೋಸರ್ಜನ್ ಕೈಯಲ್ಲಿದೆ ಎಂದು ಮನೆಯವರು ನಂಬುತ್ತಾರೆ. ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರ ಮುಖವನ್ನೇ ನೋಡುತ್ತಾರೆ. ನಂಬಿಕೆ ಸಹಜವಾದದ್ದೇ, ಆದರೆ ಅರ್ಧ ಮಾತ್ರ ನಿಜ. ಎರಡು-ಮೂರು ತಾಸಿನ ಶಸ್ತ್ರಚಿಕಿತ್ಸೆಗೆ ಮೊದಲೇ ಬಹಳಷ್ಟು ತೀರ್ಮಾನವಾಗಿರುತ್ತದೆ. ಉಳಿದದ್ದು ಆಸ್ಪತ್ರೆಯ ಬಿಲ್ಲು ಮುಗಿದ ಮೇಲೆ ಆಗುತ್ತದೆ.

ನಮ್ಮ ಕಡೆಯ ಮಿದುಳು ಶಸ್ತ್ರಚಿಕಿತ್ಸೆಯನ್ನು ವಿಮರ್ಶೆಯ ಕಣ್ಣಿನಿಂದ ನೋಡಿದರೆ ಎದ್ದು ಕಾಣುವುದು ಇದೇ. ಆಪರೇಷನ್ ಥಿಯೇಟರಿನ ಒಳಗಿನ ಕೆಲಸ ಲೋಕದ ಮಟ್ಟಕ್ಕೆ ಹತ್ತಿರವಿದೆ. ಅದರ ಹಿಂದಿನ ದಾರಿ, ಮುಂದಿನ ದಾರಿ ಎರಡೂ ಹದಗೆಟ್ಟಿವೆ. ಹಣ, ಹೊಗಳಿಕೆ, ಫ್ಲೆಕ್ಸ್ ಬೋರ್ಡು ಎಲ್ಲವೂ ನಡುವಿನ ಆ ಒಂದು ತುಂಡಿಗೇ ಮೀಸಲು.

ಮೊದಲು ಹಿಂದಿನ ದಾರಿ. ತಲೆಗೆ ಪೆಟ್ಟಾದವರ ಭವಿಷ್ಯವನ್ನು ಊಹಿಸಲು ಜಗತ್ತಿನ ವೈದ್ಯರು ಬಳಸುವ ಗುರುತುಗಳು ಆಶ್ಚರ್ಯವಾಗುವಷ್ಟು ಸರಳ: ವಯಸ್ಸು, ಪ್ರಜ್ಞೆಯ ಮಟ್ಟ, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೋ ಇಲ್ಲವೋ, ದೇಹದ ಬೇರೆ ಭಾಗಕ್ಕೂ ದೊಡ್ಡ ಪೆಟ್ಟಾಗಿದೆಯೋ. ಪ್ರಜ್ಞೆಯನ್ನು ಅಳೆಯಲು ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ರೂಪಿಸಿದ ಗ್ಲಾಸ್ಗೋ ಮಾಪಕ ಸಾಕು. ಕಣ್ಣು ಬಿಡುತ್ತಾನೆಯೇ, ಏನು ಮಾತಾಡುತ್ತಾನೆ, ಹೇಳಿದಂತೆ ಕೈ ಎತ್ತುತ್ತಾನೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವುದು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ತಾಲ್ಲೂಕು ಆಸ್ಪತ್ರೆಯ ನರ್ಸ್ ಎರಡು ನಿಮಿಷದಲ್ಲಿ ಬರೆಯಬಹುದು. ಸಿರುಗುಪ್ಪದಲ್ಲಿ 13 ಇದ್ದ ಅಂಕ ಬಳ್ಳಾರಿ ಮುಟ್ಟುವಷ್ಟರಲ್ಲಿ 8ಕ್ಕೆ ಇಳಿದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿರಬಹುದು ಎಂದು ಅರ್ಥ. ರೆಫರ್ ಚೀಟಿಯಲ್ಲಿ ಅಂಕಿಯ ಬದಲು ‘ಪ್ರಜ್ಞೆ ಇಲ್ಲ’ ಎಂಬ ಎರಡೇ ಪದ ಇದ್ದರೆ ಆ ಕುಸಿತ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿದ್ದವನು ಎದ್ದು ನಿಂತ, ನೀರು ಕುಡಿದ, ಏನಾಗಿಲ್ಲ ಅಂದ, ಮಲಗಿದ, ಬೆಳಿಗ್ಗೆ ಏಳಲಿಲ್ಲ. ಹಳ್ಳಿಗಳಲ್ಲಿ ಈ ಕಥೆ ಕೇಳದವರಿಲ್ಲ. ವೈದ್ಯಶಾಸ್ತ್ರದಲ್ಲೂ ಇದು ಬಹಳ ಹಳೆಯ ಚಿತ್ರ. ತಲೆಬುರುಡೆಯ ಮೂಳೆ ಬಿರಿದು, ಅದಕ್ಕೆ ಅಂಟಿಕೊಂಡ ರಕ್ತನಾಳ ಹರಿದು, ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗುವ ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ ಇದು. ನರಶಸ್ತ್ರಚಿಕಿತ್ಸೆಗೆ ಇಷ್ಟು ಚೆನ್ನಾಗಿ ಒಲಿಯುವ ಕಾಯಿಲೆ ಅಪರೂಪ. ಮಿದುಳಿಗೆ ಹೆಚ್ಚು ಪೆಟ್ಟಾಗಿರುವುದಿಲ್ಲ, ಅದು ಹೊರಗಿನ ರಕ್ತದ ಒತ್ತಡಕ್ಕೆ ನಲುಗುತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ಬುರುಡೆ ತೆರೆದು ಹೆಪ್ಪು ತೆಗೆದರೆ ರೋಗಿ ನಡೆದುಕೊಂಡು ಮನೆಗೆ ಹೋಗುತ್ತಾನೆ. ಪಾಪೆ ಹಿಗ್ಗಿ ನಿಂತ ಮೇಲೆ ತಂದರೆ ಅದೇ ಸರ್ಜನ್, ಅದೇ ಆಪರೇಷನ್, ಫಲಿತಾಂಶ ಮಾತ್ರ ಬೇರೆ.

ಪೊರೆಯ ಒಳಗೆ ರಕ್ತ ತುಂಬುವ ಸಬ್‌ಡ್ಯೂರಲ್ ಇದಕ್ಕಿಂತ ಕಠಿಣ. ಅಲ್ಲಿ ಮಿದುಳು ಕೂಡ ಜಜ್ಜಿಹೋಗಿರುತ್ತದೆ. 1981ರಲ್ಲಿ ಅಮೆರಿಕದ ಸೀಲಿಗ್ ಮತ್ತು ಸಂಗಡಿಗರು 82 ಮಂದಿ ಕೋಮಾ ರೋಗಿಗಳ ಲೆಕ್ಕ ಪ್ರಕಟಿಸಿದರು. ಪೆಟ್ಟಾದ ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸತ್ತವರು 30 ಪ್ರತಿಶತ, ನಾಲ್ಕು ಗಂಟೆ ದಾಟಿದವರಲ್ಲಿ 90 ಪ್ರತಿಶತ. ಇಷ್ಟು ದೊಡ್ಡ ಅಂತರ ಮುಂದಿನ ಎಲ್ಲ ಅಧ್ಯಯನಗಳಲ್ಲೂ ಕಾಣಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೂ ತೆಕ್ಕಲಕೋಟೆಯ ಗಡಿಯಾರದ ಎದುರು ಅದನ್ನಿಟ್ಟು ನೋಡಬೇಕು. ಯಾರಾದರೂ ನೋಡಿ 108ಕ್ಕೆ ಫೋನು ಮಾಡುವುದು, ಮೊದಲ ಆಸ್ಪತ್ರೆ, ಅಲ್ಲಿಂದ ಇನ್ನೊಂದು ಗಾಡಿ, ಬಳ್ಳಾರಿಯಲ್ಲಿ ಸ್ಕ್ಯಾನಿಂಗ್. ಅಲ್ಲಿ ಯಾರೋ ‘ಬೆಂಗಳೂರಿಗೆ ಕರ್ಕೊಂಡು ಹೋಗಿ’ ಅಂದರೆ ಮುಂದೆ 310 ಕಿಲೋಮೀಟರು. ಗಡಿಯಾಚೆ ಆದೋನಿ, ಕರ್ನೂಲಿನತ್ತ ಹೋಗುವವರೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಹೆಸರು ದೊಡ್ಡದು, ದೊಡ್ಡದಾಗಿರಲು ಕಾರಣವೂ ಇದೆ. ಆರ್.ಎಂ. ವರ್ಮ 1950ರ ದಶಕದ ಕೊನೆಯಲ್ಲಿ ಅಲ್ಲಿ ಶುರುಮಾಡಿದ ನರಶಸ್ತ್ರಚಿಕಿತ್ಸೆಯ ಪರಂಪರೆ ಇಡೀ ದೇಶಕ್ಕೆ ಸರ್ಜನ್‌ಗಳನ್ನು ಕೊಟ್ಟಿದೆ. ಆದರೆ ಹೆಪ್ಪು ಬೆಳೆಯುತ್ತಿರುವ ತಲೆಗೆ ಹೆಸರಿಗಿಂತ ಹತ್ತಿರವೇ ಮುಖ್ಯ.

ದಾರಿಯಲ್ಲಿ ಏನಾಗುತ್ತದೆ ಎಂಬುದು ಅಷ್ಟೇ ಮುಖ್ಯ, ಮತ್ತು ಅದರ ಬಗ್ಗೆ ಮಾತೇ ಕಡಿಮೆ. ಪೆಟ್ಟು ತಿಂದ ಮಿದುಳಿಗೆ ಎರಡನೇ ಪೆಟ್ಟು ಬೀಳುವುದು ಆಮ್ಲಜನಕ ಕಡಿಮೆಯಾದಾಗ, ರಕ್ತದೊತ್ತಡ ಕುಸಿದಾಗ. ಒತ್ತಡದ ಮೇಲಿನ ಅಂಕಿ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಪ್ರಮಾಣ ಸುಮಾರು ಇಮ್ಮಡಿಯಾಗುತ್ತದೆ ಎಂದು 1993ರಲ್ಲಿಯೇ ಚೆಸ್‌ನಟ್ ಅವರ ತಂಡ ತೋರಿಸಿತ್ತು. ಅಮೆರಿಕದ ಅರಿಜೋನಾ ರಾಜ್ಯ ಇದನ್ನು ಗಂಭೀರವಾಗಿ ತೆಗೆದುಕೊಂಡು ಆಂಬ್ಯುಲೆನ್ಸ್ ಸಿಬ್ಬಂದಿಗೆ ಮೂರು ಸಂಗತಿ ಕಲಿಸಿತು: ಆಮ್ಲಜನಕ ಕೊಡಿ, ಒತ್ತಡ ಬೀಳಲು ಬಿಡಬೇಡಿ, ಗಾಬರಿಯಲ್ಲಿ ಉಸಿರು ತುಂಬುವ ಅಂಬು ಚೀಲವನ್ನು ಬೇಗ ಬೇಗ ಒತ್ತಬೇಡಿ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 21,000ಕ್ಕೂ ಹೆಚ್ಚು ರೋಗಿಗಳ ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೀವ್ರ ಪೆಟ್ಟಾದವರ ಗುಂಪಿನಲ್ಲಿ ಮಾತ್ರ ಬದುಕುಳಿಯುವ ಸಾಧ್ಯತೆ ಎರಡು ಪಟ್ಟಾಗಿತ್ತು. ಹೊಸ ಸರ್ಜನ್ ಬಂದಿರಲಿಲ್ಲ, ಹೊಸ ಯಂತ್ರವೂ ಬಂದಿರಲಿಲ್ಲ. ಕರ್ನಾಟಕದಲ್ಲಿ 108 ಗಾಡಿಗಳು 2008ರಿಂದ ಓಡುತ್ತಿವೆ. ಅವು ಎಷ್ಟು ಬೇಗ ಬಂದವು ಎಂದು ಕೇಳುವ ನಾವು, ಒಳಗೆ ರೋಗಿಯ ಒತ್ತಡ ಎಷ್ಟಿತ್ತು ಎಂದು ಕೇಳುವುದಿಲ್ಲ.

ಅಭ್ಯಾಸಬಲದ ಚಿಕಿತ್ಸೆಗೂ ಬೆಲೆ ತೆರಬೇಕಾಗುತ್ತದೆ. ತಲೆಗೆ ಪೆಟ್ಟು ಎಂದರೆ ಸ್ಟೀರಾಯ್ಡ್ ಇಂಜೆಕ್ಷನ್ ಎಂಬುದು ದಶಕಗಳ ರೂಢಿಯಾಗಿತ್ತು. 2004ರಲ್ಲಿ 10,008 ರೋಗಿಗಳ ‘ಕ್ರ್ಯಾಶ್’ ಪ್ರಯೋಗ ಅದನ್ನು ಪರೀಕ್ಷಿಸಿದಾಗ, ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ 21.1 ಪ್ರತಿಶತ, ಪಡೆಯದವರಲ್ಲಿ 17.9. ಒಳ್ಳೆಯದೆಂದು ಕೊಟ್ಟ ಔಷಧವೇ ಜನರನ್ನು ಕೊಲ್ಲುತ್ತಿತ್ತು. ಅದೇ ಬಳಗದ ಮೂರನೇ ಪ್ರಯೋಗ 2019ರಲ್ಲಿ, ಅಗ್ಗದ ಟ್ರಾನೆಕ್ಸಾಮಿಕ್ ಆಸಿಡ್ಡನ್ನು ಮೂರು ಗಂಟೆಯೊಳಗೆ ಕೊಟ್ಟರೆ ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ ಸಾವು ಇಳಿಯುತ್ತದೆ ಎಂದಿತು. ತೀವ್ರ ಪೆಟ್ಟಿನವರಿಗೆ ಪ್ರಯೋಜನ ಕಾಣಲಿಲ್ಲ. ಇಲ್ಲಿಯೂ ಗೆದ್ದದ್ದು ಗಡಿಯಾರವೇ.

ಇನ್ನು ಆಪರೇಷನ್. ಮಿದುಳು ಊದಿಕೊಂಡು, ಔಷಧಕ್ಕೆ ಬಗ್ಗದೆ, ಬುರುಡೆಯೊಳಗಿನ ಒತ್ತಡ ಏರುತ್ತಲೇ ಹೋದಾಗ ಸರ್ಜನ್ ಅಂಗೈಯಗಲದ ಮೂಳೆಯನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಊದಿದ ಮಿದುಳಿಗೆ ಜಾಗ ಸಿಗುತ್ತದೆ. ಮನೆಯವರ ಮುಂದೆ ಸಹಿಯ ಕಾಗದ ಬರುವುದು ಈ ಘಟ್ಟದಲ್ಲಿ. ‘ಗ್ಯಾರಂಟಿ ಹೇಳಕ್ಕಾಗಲ್ಲ, ಫಿಫ್ಟಿ-ಫಿಫ್ಟಿ’ ಎಂಬ ಮಾತು ಬರುವುದೂ ಆಗಲೇ. ಫಿಫ್ಟಿ-ಫಿಫ್ಟಿ ಎಂದರೆ ಕೇಳಿದವರು ಅರ್ಥಮಾಡಿಕೊಳ್ಳುವುದು ಸತ್ತರೆ ಸತ್ತ, ಉಳಿದರೆ ಮೊದಲಿನಂತಾದ ಎಂದು. ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. 2016ರಲ್ಲಿ ಪ್ರಕಟವಾದ ‘ರೆಸ್ಕ್ಯೂ ಐಸಿಪಿ’ ಪ್ರಯೋಗದಲ್ಲಿ 408 ರೋಗಿಗಳಿದ್ದರು. ಆರು ತಿಂಗಳಿಗೆ ಮೂಳೆ ತೆಗೆದವರಲ್ಲಿ 26.9 ಪ್ರತಿಶತ ಸತ್ತಿದ್ದರು, ಔಷಧದಲ್ಲೇ ಮುಂದುವರಿದವರಲ್ಲಿ 48.9 ಪ್ರತಿಶತ. ನೂರು ಆಪರೇಷನ್ನಿಗೆ 22 ಜೀವ ಹೆಚ್ಚು ಉಳಿದವು. ಇಲ್ಲಿಗೇ ನಿಲ್ಲಿಸಿದರೆ ದಿಗ್ವಿಜಯ. ಆ 22ರಲ್ಲಿ ಸುಮಾರು ಆರು ಮಂದಿ ಅರಿವೇ ಇಲ್ಲದ ಸ್ಥಿತಿಯಲ್ಲಿ ಮಲಗಿದ್ದರು, ಎಂಟು ಮಂದಿಗೆ ಮನೆಯಲ್ಲಿ ದಿನವೂ ಇನ್ನೊಬ್ಬರ ಆಸರೆ ಬೇಕಿತ್ತು, ಉಳಿದ ಎಂಟು ಮಂದಿ ಮಾತ್ರ ಮನೆಯೊಳಗಾದರೂ ತಮ್ಮ ಕೆಲಸ ತಾವು ಮಾಡಿಕೊಳ್ಳುವವರು. ಇದಕ್ಕೂ ಮೊದಲು, 2011ರ ‘ಡೆಕ್ರಾ’ ಪ್ರಯೋಗದಲ್ಲಿ ಒತ್ತಡ ಸ್ವಲ್ಪ ಏರಿದ ಕೂಡಲೇ ಮೂಳೆ ತೆಗೆದವರ ಫಲಿತಾಂಶ ತೆಗೆಯದವರಿಗಿಂತ ಕೆಟ್ಟದಾಗಿತ್ತು.

ಹಾಗಾದರೆ ಆಪರೇಷನ್ ಬೇಡವೇ? ಆ ತೀರ್ಮಾನ ಇಲ್ಲಿಂದ ಹೊರಡುವುದಿಲ್ಲ. ಇಪ್ಪತ್ತೆರಡು ವರ್ಷದ ಮಗನ ತಾಯಿ ಆ ಕೊನೆಯ ಎಂಟರಲ್ಲಿ ಒಬ್ಬನಾದರೂ ಆಗಲಿ ಎಂದು ಸಹಿ ಹಾಕುವುದು ತಪ್ಪಲ್ಲ. ತಪ್ಪಿರುವುದು ಆ ಮೂರು ಗುಂಪುಗಳ ವಿಷಯ ಅವಳಿಗೆ ತಿಳಿಸದೆ ಸಹಿ ಪಡೆಯುವುದರಲ್ಲಿ. ಎಪ್ಪತ್ತೈದರ ಅಜ್ಜನಿಗೂ ಅದೇ ಫಿಫ್ಟಿ-ಫಿಫ್ಟಿ ಹೇಳುವುದರಲ್ಲಿ.

ತೆಗೆದ ಮೂಳೆ ಎಲ್ಲಿ ಹೋಗುತ್ತದೆ? ಬಹಳ ಕಡೆ ಅದನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಹುದುಗಿಸಿ ಹೊಲಿಯುತ್ತಾರೆ. ಶೀತಲ ಸಂಗ್ರಹವಿಲ್ಲದ ಕಡೆ ಇದು ಜಾಣ ಉಪಾಯ. ತಲೆಯಲ್ಲಿ ಗುಳಿ, ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ಊರಿಗೆ ಬಂದವನನ್ನು ಜನ ಸುತ್ತುವರಿದು ನೋಡುತ್ತಾರೆ. ಕೆಲವು ವಾರ ಅಥವಾ ತಿಂಗಳ ನಂತರ ಮೂಳೆಯನ್ನು ಮತ್ತೆ ಜಾಗಕ್ಕೆ ಕೂರಿಸುವ ಎರಡನೇ ಆಪರೇಷನ್ ಆಗಬೇಕು. ಕೇಳಲು ಸಣ್ಣದು, ಆದರೆ ಸೋಂಕು, ಫಿಟ್ಸ್, ಮೂಳೆ ಕರಗುವುದು ಮುಂತಾದ ತೊಡಕುಗಳಿಗೆ ಹೆಸರಾದದ್ದು. ಮೊದಲನೆಯದಕ್ಕೆ ಸಾಲ ಮಾಡಿದ ಮನೆ ಎರಡನೆಯದನ್ನು ಮುಂದೂಡುತ್ತದೆ. ಅಷ್ಟು ದಿನ ಆ ಭಾಗದಲ್ಲಿ ಮಿದುಳಿಗೂ ಹೊರಗಿನ ಪೆಟ್ಟಿಗೂ ನಡುವೆ ಇರುವುದು ಬರೀ ಚರ್ಮ.

ಹಣದ ಯೋಜನೆಗಳ ಅವಧಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಮುನ್ನ ಅಂಗದಾನಕ್ಕೆ ಬೇಡಿಕೊಂಡ ಹರೀಶ್ ಹೆಸರಿನಲ್ಲಿ ಕರ್ನಾಟಕ ತಂದ ಸಾಂತ್ವನ ಯೋಜನೆ ಅಪಘಾತದ ಮೊದಲ 48 ಗಂಟೆಗೆ, 25,000 ರೂಪಾಯಿವರೆಗೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಯೋಜನೆ ಏಳು ದಿನಕ್ಕೆ, ಒಂದೂವರೆ ಲಕ್ಷದವರೆಗೆ. ಎರಡೂ ಬೇಕಾದವೇ, ಎರಡೂ ಜೀವ ಉಳಿಸುವಂಥವೇ. ಆದರೆ ಮಿದುಳಿನ ಪೆಟ್ಟಿನ ಫಲಿತಾಂಶವನ್ನು ವೈದ್ಯರೇ ಅಳೆಯುವುದು ಆರು ತಿಂಗಳಿಗೆ, ವರ್ಷಕ್ಕೆ. ಏಳನೇ ದಿನ ಎಷ್ಟೋ ರೋಗಿಗಳು ಇನ್ನೂ ಗಂಟಲಿನ ನಳಿಗೆಯಲ್ಲಿ ಉಸಿರಾಡುತ್ತಿರುತ್ತಾರೆ. ಬೆನ್ನುಹುಣ್ಣು, ನ್ಯುಮೋನಿಯಾ, ನುಂಗಲಾಗದ ಗಂಟಲು, ಏಕಾಏಕಿ ರೇಗುವ ಸ್ವಭಾವ, ಮರೆತ ಲೆಕ್ಕ, ಇವೆಲ್ಲ ಆಮೇಲೆ ಬರುತ್ತವೆ. ಆಮೇಲಿನ ಖರ್ಚು ಹೆಂಡತಿಯದೋ ತಾಯಿಯದೋ, ಹೆಚ್ಚಾಗಿ ಅವರ ಕೂಲಿ ಬಿಟ್ಟ ದಿನಗಳ ರೂಪದಲ್ಲಿ.

ಬಳ್ಳಾರಿ ಏನೂ ಬರಡಲ್ಲ. 1961ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ವಿಮ್ಸ್ ಆಗಿ ಸುತ್ತಲ ಜಿಲ್ಲೆಗಳ, ಆಂಧ್ರದ ಗಡಿ ಹಳ್ಳಿಗಳ ಬಡವರಿಗೆ ದಿಕ್ಕಾಗಿದೆ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಲ್ಲಿ ಟ್ರಾಮಾ ಕೇಂದ್ರದ ಕಟ್ಟಡವೂ ಎದ್ದಿತು. ಅದೇ ಸಂಸ್ಥೆಯ ಐಸಿಯುನಲ್ಲಿ 2022ರ ಸೆಪ್ಟೆಂಬರಿನಲ್ಲಿ ವಿದ್ಯುತ್ ವ್ಯತ್ಯಯವಾದ ದಿನ ರೋಗಿಗಳು ಸತ್ತದ್ದು ವಿಧಾನಸಭೆಯಲ್ಲಿ ಗದ್ದಲಕ್ಕೆ ಕಾರಣವಾಯಿತು. ಸಾವಿಗೆ ಕರೆಂಟೇ ಕಾರಣ ಎಂಬುದನ್ನು ಸರ್ಕಾರ ಒಪ್ಪಲಿಲ್ಲ, ತನಿಖೆಗೆ ಸಮಿತಿ ಮಾಡಿತು. ಕಾರಣ ಏನೇ ಇರಲಿ, ಆ ಪ್ರಕರಣ ಒಂದನ್ನು ಬಯಲು ಮಾಡಿತು: ಮಿದುಳು ಆಪರೇಷನ್ ನಂತರದ ದಿನಗಳು ವೆಂಟಿಲೇಟರು, ಜನರೇಟರು, ರಾತ್ರಿ ಪಾಳಿಯ ನರ್ಸ್ ಇವರ ಮೇಲೆ ನಿಂತಿವೆ. ಉದ್ಘಾಟನೆಯ ಕಲ್ಲಿನಲ್ಲಿ ಇವರ ಹೆಸರಿರುವುದಿಲ್ಲ.

ಎಲ್ಲ ಕಥೆಯೂ ರಸ್ತೆಯದಲ್ಲ, ಎಲ್ಲವೂ ದುಃಖದ್ದೂ ಅಲ್ಲ. ವಯಸ್ಸಾದವರು ಹೊಸ್ತಿಲು ಎಡವಿಯೋ ಬಚ್ಚಲಲ್ಲಿ ಜಾರಿಯೋ ತಲೆ ತಗುಲಿಸಿಕೊಂಡು, ಮೂರು-ನಾಲ್ಕು ವಾರದ ಮೇಲೆ ಮಂಕಾಗುತ್ತಾರೆ, ಒಂದು ಕಾಲು ಎಳೆಯುತ್ತಾರೆ, ಮಾತು ತಪ್ಪುತ್ತಾರೆ. ‘ವಯಸ್ಸಾಯ್ತಲ್ಲ, ಅರಳು-ಮರಳು’ ಎಂದು ಮನೆಯವರು ಬಿಡುತ್ತಾರೆ. ನಿಜವಾಗಿ ಅದು ಬುರುಡೆಯೊಳಗೆ ನಿಧಾನವಾಗಿ ಸೇರಿದ ಹಳೆಯ ರಕ್ತದ ಕೆಲಸ. ಹೃದಯಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು. ಬುರುಡೆಯಲ್ಲಿ ಸಣ್ಣ ತೂತು ಕೊರೆದು ಹರಿಸಿಬಿಟ್ಟರೆ ಎಷ್ಟೋ ಮಂದಿ ಮರುದಿನವೇ ಮನೆಯವರ ಹೆಸರು ಹಿಡಿದು ಕರೆಯುತ್ತಾರೆ. 2009ರಲ್ಲಿ ಕೇಂಬ್ರಿಜ್‌ನ ತಂಡ 215 ರೋಗಿಗಳಲ್ಲಿ ತೋರಿಸಿದ್ದು ಇನ್ನೂ ಸರಳ: ತೂತಿನಲ್ಲಿ ಎರಡು ದಿನ ಒಂದು ಕೊಳವೆ ಬಿಟ್ಟರೆ ರಕ್ತ ಮತ್ತೆ ಸೇರುವುದು 24 ಪ್ರತಿಶತದಿಂದ 9.3ಕ್ಕೆ ಇಳಿಯಿತು, ಆರು ತಿಂಗಳ ಸಾವು ಅರ್ಧವಾಯಿತು. ಜಿಲ್ಲಾ ಕೇಂದ್ರದಲ್ಲೇ ಆಗಬಹುದಾದ ಕೆಲಸ. ಇದಕ್ಕೂ ಬೆಂಗಳೂರಿನ ದಾರಿ ತೋರಿಸಿದರೆ ಅದು ವ್ಯವಸ್ಥೆಯ ಸೋಲು.

ಹೆಲ್ಮೆಟ್ ವಿಷಯ ಹೇಳಿ ಹೇಳಿ ಸವೆದಿದೆ, ಆದರೂ ಅಂಕಿ ಸವೆದಿಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿದ 2008ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ತಲೆಯ ಪೆಟ್ಟನ್ನು 69 ಪ್ರತಿಶತ, ಸಾವನ್ನು 42 ಪ್ರತಿಶತ ತಗ್ಗಿಸುತ್ತದೆ. ಯಾವ ನ್ಯೂರೋಸರ್ಜನ್ನಿಗೂ ಇಂಥ ಫಲಿತಾಂಶ ಕನಸಿನಲ್ಲೂ ಸಿಗದು. ಭಾರತದಲ್ಲಿ ತಲೆಪೆಟ್ಟಿನ ಸುಮಾರು 60 ಪ್ರತಿಶತ ರಸ್ತೆ ಅಪಘಾತದಿಂದಲೇ ಎಂದು ನಿಮ್ಹಾನ್ಸ್‌ನ ಜಿ. ಗುರುರಾಜ್ 2002ರಲ್ಲೇ ಬರೆದಿದ್ದರು. ಹಿಂಬದಿ ಸವಾರರಿಗೂ ಕರ್ನಾಟಕ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬಿದ್ದದ್ದು ಬೈಕಿನ ಹಿಂದಿನ ಸೀಟಿನಿಂದ. ಆಸ್ಪತ್ರೆ ಹತ್ತಿರವಿತ್ತು, ಶಸ್ತ್ರಚಿಕಿತ್ಸೆಯೂ ಆಯಿತು, ಮಿದುಳು ಚೇತರಿಸಲಿಲ್ಲ. ಕುಟುಂಬ ಅವರ ಅಂಗಗಳನ್ನು ದಾನ ಮಾಡಿತು.

ಕ್ರ್ಯಾಶ್ ಪ್ರಯೋಗದ 46 ದೇಶಗಳ 8,927 ರೋಗಿಗಳನ್ನು 2009ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಒಂದು ಒಗಟು ಎದುರಾಯಿತು. ತೀವ್ರ ಪೆಟ್ಟಾದವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಾಯುವ ಸಂಭವ ಶ್ರೀಮಂತ ದೇಶಗಳ ಎರಡು ಪಟ್ಟಿಗಿಂತ ಹೆಚ್ಚು. ಸೌಮ್ಯ, ಮಧ್ಯಮ ಪೆಟ್ಟಿನವರಲ್ಲಿ ಮಾತ್ರ ಅಂಗವೈಕಲ್ಯದ ಸಂಭವ ನಮ್ಮಂಥ ದೇಶಗಳಲ್ಲೇ ಕಡಿಮೆ. ಕೂಡುಕುಟುಂಬದ ಆರೈಕೆಯೋ, ಇಲ್ಲಿನ ರೋಗಿಗಳ ನಿರೀಕ್ಷೆಯೇ ಚಿಕ್ಕದೋ, ಕೇಳುವ ಪ್ರಶ್ನೆ ಇಲ್ಲಿನ ಬದುಕಿಗೆ ಹೊಂದುವುದಿಲ್ಲವೋ, ಊಹೆಗಳು ಹಲವು. ಸಿರುಗುಪ್ಪ, ಕುರುಗೋಡಿನ ಮಟ್ಟಿಗೆ ಉತ್ತರ ಹುಡುಕಲು ಆರನೇ ತಿಂಗಳಿನಲ್ಲಿ ಮನೆಗೊಂದು ಫೋನು ಸಾಕು: ಅಂಗಡಿಗೆ ಒಬ್ಬರೇ ಹೋಗುತ್ತಾರಾ, ಮತ್ತೆ ಗದ್ದೆ ಕೆಲಸಕ್ಕೆ ಇಳಿದಿದ್ದಾರಾ, ಮನೆಯವರ ಮೇಲೆ ಮೊದಲಿಗಿಂತ ರೇಗುತ್ತಾರಾ. ಗ್ಲಾಸ್ಗೋದವರೇ 1975ರಲ್ಲಿ ಕೊಟ್ಟ ಫಲಿತಾಂಶ ಮಾಪಕವನ್ನು ವಿಸ್ತರಿಸಿದಾಗ ಹುಟ್ಟಿದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ದೇಶದ ರಸ್ತೆ ಅಪಘಾತಗಳ ವಾರ್ಷಿಕ ವರದಿ ಸತ್ತವರನ್ನು, ತೀವ್ರವಾಗಿ ಗಾಯಗೊಂಡವರನ್ನು, ಸಣ್ಣ ಗಾಯದವರನ್ನು ಎಣಿಸುತ್ತದೆ. ಗದ್ದೆಗೆ ಮರಳಿದವರಿಗೆ ಅದರಲ್ಲಿ ಕಾಲಂ ಇಲ್ಲ.