ಜಾಫರ್ ಮತ್ತು ನೆರಳು

ತೊಂಬತ್ತರ ದಶಕದಲ್ಲಿ ಆರ್.ಟಿ. ನಗರ, ಯಶವಂತಪುರದ ಕಡೆ ಕಂಪ್ಯೂಟರ್ ಕ್ಲಾಸಿಗೆ ಹೋದ ಹುಡುಗರಲ್ಲಿ ಅನೇಕರು ಡಾಸ್ ಕಲಿಯುವ ಮೊದಲೇ ಕಲಿತದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು. ಅಮೆರಿಕದ ಜೋರ್ಡನ್ ಮೆಕ್ನರ್ 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ರಚಿಸಿದ ಈ ಆಟ ಮರುವರ್ಷ ಡಾಸ್‌ಗೆ ಬಂತು. ಮುಂದೆ ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ನಮ್ಮ ಬಡಾವಣೆಗಳನ್ನೂ ತಲುಪಿತು.

ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಆ ಹಳೆಯ ಪ್ರತಿ ನೇರವಾಗಿ ಓಡುವುದಿಲ್ಲ. ಆದರೂ ಅದು ಸತ್ತಿಲ್ಲ. 2002ರಲ್ಲಿ ಮೊದಲು ಹೊರಬಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ಎಮ್ಯುಲೇಟರ್ ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಕಟ್ಟುತ್ತದೆ. ಹಳೆಯ ಪ್ರೊಸೆಸರ್, ಸೌಂಡ್ ಕಾರ್ಡ್, ಕೊನೆಗೆ ಅದರ ನಿಧಾನಗತಿಯನ್ನೂ ಅದು ಅಭಿನಯಿಸುತ್ತದೆ. ತಾನು ಬೇರೆ ಮನೆಯಲ್ಲಿರುವುದು ಆಟಕ್ಕೆ ಗೊತ್ತೇ ಆಗುವುದಿಲ್ಲ. 2015ರಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಇಂಥ ಎರಡು ಸಾವಿರಕ್ಕೂ ಹೆಚ್ಚು ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಮಾಡಿತು.

ಹೀಗೆ ಮರಳಿ ಬಂದ ಆಟವನ್ನು ಈಗ ಒಂದು ಕೃತಿಯಾಗಿ ನೋಡಬಹುದು. ಅದರ ಚಲನೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮೆಕ್ನರ್ ತಮ್ಮ ಸಹೋದರ ಓಡುವುದನ್ನು, ಜಿಗಿಯುವುದನ್ನು 1985ರಲ್ಲಿ ವಿಡಿಯೊ ಮಾಡಿ, ಅದರ ಮೇಲಿಂದಲೇ ಚಿತ್ರ ಬಿಡಿಸಿದರು. ಹಾಗಾಗಿ ಈ ರಾಜಕುಮಾರನ ದೇಹಕ್ಕೆ ತೂಕವಿದೆ. ಅವನು ಬಿದ್ದರೆ ನಮಗೆ ನೋಯುತ್ತದೆ.

ಕಥೆ ಮಾತ್ರ ಹಳಸಿದ್ದು. ಸುಲ್ತಾನ ಊರಲ್ಲಿಲ್ಲ. ವಜೀರ ಜಾಫರ್ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಡುತ್ತಾನೆ: ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ನೆಲಮಾಳಿಗೆಯಲ್ಲಿ ಬಂದಿಯಾಗಿರುವ ಪ್ರೇಮಿ ಅಷ್ಟರೊಳಗೆ ಅವಳನ್ನು ಬಿಡಿಸಬೇಕು.

ಈ ಜಾಫರ್ ಎಲ್ಲಿಂದ ಬಂದ? ಇತಿಹಾಸದ ಜಾಫರ್ ಬರ್ಮಕಿ ಬಾಗ್ದಾದಿನ ಖಲೀಫ ಹಾರೂನ್ ರಶೀದರ ವಜೀರ. 803ರಲ್ಲಿ ಅದೇ ಖಲೀಫರ ಆಜ್ಞೆಯಂತೆ ಅವನ ತಲೆದಂಡವಾಯಿತು. ‘ಅಲಿಫ್ ಲೈಲಾ’ದಲ್ಲಿ ಅವನು ಖಲೀಫರ ಜೊತೆ ವೇಷ ಮರೆಸಿಕೊಂಡು ರಾತ್ರಿ ಊರು ಸುತ್ತುವ ಒಡನಾಡಿ. ಅಲ್ಲಿನ ಮೂರು ಸೇಬುಗಳ ಕಥೆಯಲ್ಲಿ ಖಲೀಫರು ಅವನಿಗೇ ಗಡುವು ಹಾಕುತ್ತಾರೆ: ಮೂರು ದಿನದೊಳಗೆ ಕೊಲೆಗಾರನನ್ನು ಹುಡುಕಬೇಕು, ಇಲ್ಲವಾದರೆ ಅವನ ಪ್ರಾಣವೇ ಹೋಗುತ್ತದೆ. ಕಥೆಯಲ್ಲಿ ಗಡುವಿಗೆ ಅಂಜಿ ನಡುಗುವವನು ಆಟದಲ್ಲಿ ಗಡುವು ಹಾಕುವ ಕ್ರೂರಿಯಾದ. ಈ ಪಲ್ಲಟ ಮೆಕ್ನರ್ ಅವರದೇನಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲೇ ಜಾಫರ್ ಖಳನಾಯಕ. 1992ರಲ್ಲಿ ಡಿಸ್ನಿಯ ‘ಅಲ್ಲಾದೀನ್’ ಅದನ್ನು ಲೋಕವೆಲ್ಲ ಹರಡಿತು. ನಮ್ಮ ಮನೆಗಳಲ್ಲಿ ಮಕ್ಕಳಿಗಿಡುವ ಹೆಸರೊಂದು ಹೀಗೆ ದುಷ್ಟತನದ ಗುರುತಾಯಿತು.

ವಿಚಿತ್ರವೆಂದರೆ, ಇದೇ ಆಟದೊಳಗೆ ಇದಕ್ಕಿಂತ ದೊಡ್ಡ ಕಥೆಯೊಂದು ಅಡಗಿದೆ. ಆ್ಯಪಲ್ 2ರಲ್ಲಿ ಹೊಸ ಶತ್ರುವಿಗೆ ಮೆಮೊರಿ ಸಾಲದಾದಾಗ ಮೆಕ್ನರ್ ನಾಯಕನ ಚಿತ್ರಗಳನ್ನೇ ರೂಪ ಬದಲಿಸಿ ಬಳಸಿದರು. ಹುಟ್ಟಿದ್ದು ನೆರಳು ಮನುಷ್ಯ. ನಾಯಕ ಕನ್ನಡಿಯ ಮೂಲಕ ಜಿಗಿದಾಗ ಹೊರಬರುವ ಈ ನೆರಳು ಹೆಜ್ಜೆಹೆಜ್ಜೆಗೂ ಕಾಟ ಕೊಡುತ್ತದೆ. ಕೊನೆಗೆ ಎದುರಾದಾಗ ಅದಕ್ಕೆ ಹಾಕಿದ ಪ್ರತಿ ಏಟೂ ನಮಗೇ ಬೀಳುತ್ತದೆ. ಗೆಲ್ಲುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ, ನೆರಳಿನೊಡನೆ ಒಂದಾಗುವುದು. ಅದಾದ ಸ್ವಲ್ಪ ಹೊತ್ತಿಗೆ ಅದೇ ಕತ್ತಿ ಜಾಫರನನ್ನು ಕೊಲ್ಲುತ್ತದೆ. ತನ್ನ ನೆರಳಿನೊಡನೆ ರಾಜಿಯಾಗಬಹುದೆಂದು ಊಹಿಸಬಲ್ಲ ಕಲ್ಪನೆ ಜಾಫರನಿಗೆ ಒಂದು ಮನಸ್ಸು ಕೊಡುವಲ್ಲಿ ಬಡವಾಯಿತು. ಈ ಕೃತಿಯ ಮಿತಿ ಅದೇ.

ಹಾಗೆಂದು ಆಟವನ್ನು ತಿದ್ದಬೇಕೇ? ಬೇಡ. ಎಮ್ಯುಲೇಟರ್ ಪ್ರಾಮಾಣಿಕವಾದದ್ದು, ಸೊಗಸನ್ನೂ ಪೂರ್ವಗ್ರಹವನ್ನೂ ಇದ್ದಂತೆ ಒಪ್ಪಿಸುತ್ತದೆ. ಹಳೆಯದು ಹಾಗೇ ಉಳಿದರೆ ತಾನೇ ಅದರೊಡನೆ ಜಗಳವಾಡಲು ಸಾಧ್ಯ? ಮಗು ಲ್ಯಾಪ್‌ಟಾಪಿನಲ್ಲಿ ಈ ಆಟ ಆಡಲಿ. ಅದೇ ದಿನ ಮನೆಯ ಹಿರಿಯರೊಬ್ಬರು ಆ ಮಗುವಿಗೆ ಮೂರು ಸೇಬುಗಳ ಕಥೆಯನ್ನೂ ಹೇಳಲಿ.